ಅಲಿಸ್ಟೇರ್ ಕುಕ್ ಯಾರು? 58 ವರ್ಷ ವಾರವಾರ ರೇಡಿಯೋದಲ್ಲಿ ಮಾತಾಡಿದ್ದು ಹೇಗೆ?

ನೀವು ಅಮೆರಿಕದಲ್ಲಿ ನೆಲೆಸಿದವರು. ಅಲ್ಲಿನ ಬದುಕಿನ ಬಗ್ಗೆ ಊರಿನವರಿಗಾಗಿ ವಾರಕ್ಕೊಂದು ಹದಿನೈದು ನಿಮಿಷದ ಕನ್ನಡ ಪಾಡ್‌ಕಾಸ್ಟ್ ಮಾಡಬೇಕೆಂದಿದ್ದೀರಿ. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ, ಬಿಬಿಸಿ ರೇಡಿಯೋದ ‘ಲೆಟರ್ ಫ್ರಮ್ ಅಮೆರಿಕ’ ಕಾರ್ಯಕ್ರಮದಲ್ಲಿ ಇಂಥದೇ ಕೆಲಸವನ್ನು ಜೀವಮಾನವಿಡೀ ಮಾಡಿದ ಪತ್ರಕರ್ತ ಅಲಿಸ್ಟೇರ್ ಕುಕ್ ಅಲ್ಲಿಗೆ ಹೇಗೆ ತಲುಪಿದರು, ಅವರಿಂದ ಏನು ಕಲಿಯಬಹುದು ಎಂದು ಕೇಳಿದ್ದೀರಿ. (ಇಂಗ್ಲೆಂಡಿನ ಕ್ರಿಕೆಟ್ ನಾಯಕರಾಗಿದ್ದ ಅಲಸ್ಟೇರ್ ಕುಕ್ ಬೇರೆ. ಹುಡುಕಿದರೆ ಮೊದಲು ಅವರೇ ಸಿಗುತ್ತಾರೆ, ಹಾಗಾಗಿ ಹೆಸರಿನ ಜೊತೆ ‘ಲೆಟರ್ ಫ್ರಮ್ ಅಮೆರಿಕ’ ಎಂದು ಸೇರಿಸಿ.)

ಕುಕ್ ಬಗ್ಗೆ ಬರೆಯುವವರು ಹೆಚ್ಚಾಗಿ ಅವರ ಕಂಠವನ್ನು ಹೊಗಳಿ ಮುಗಿಸುತ್ತಾರೆ. ಕಂಠ ಚೆನ್ನಾಗಿತ್ತು, ನಿಜ. ಆದರೆ ನನ್ನ ಪ್ರಕಾರ ಅವರ ನಿಜವಾದ ಬಂಡವಾಳ ವಲಸೆ. ಅಮೆರಿಕದಲ್ಲಿ ಬ್ರಿಟಿಷರಿಗೆ ಯಾವುದು ಅರ್ಥವಾಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು, ಯಾಕೆಂದರೆ ಒಂದು ಕಾಲಕ್ಕೆ ಅವರಿಗೂ ಅದು ಅರ್ಥವಾಗಿರಲಿಲ್ಲ.

ಹುಟ್ಟಿದ್ದು 1908ರ ನವೆಂಬರ್ 20ರಂದು, ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನಲ್ಲಿ. ತಂದೆ ಲೋಹದ ಕೆಲಸದವರು, ಕ್ರೈಸ್ತರ ಮೆಥಡಿಸ್ಟ್ ಪಂಥದಲ್ಲಿ ಉಪದೇಶವನ್ನೂ ಮಾಡುತ್ತಿದ್ದರು. ಮನೆಯಲ್ಲಿ ಇಟ್ಟ ಹೆಸರು ಆಲ್ಫ್ರೆಡ್. ‘ಅಲಿಸ್ಟೇರ್’ ಅನ್ನು 22ನೇ ವಯಸ್ಸಿನಲ್ಲಿ ತಾವೇ ಸೇರಿಸಿಕೊಂಡರು. ಬ್ಲ್ಯಾಕ್‌ಪೂಲ್‌ನಲ್ಲಿ ಬೆಳೆದು, ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಜ್‌ನ ಜೀಸಸ್ ಕಾಲೇಜು ಸೇರಿದರು. 1932ರಲ್ಲಿ ಕಾಮನ್‌ವೆಲ್ತ್ ಫಂಡ್ ಫೆಲೋಶಿಪ್ ಸಿಕ್ಕಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ, ನಂತರ ಹಾರ್ವರ್ಡ್‌ಗೆ ಹೋದರು. ಹೋಗಿದ್ದು ರಂಗಭೂಮಿ ಕಲಿಯಲು. ಆದರೆ 1933ರ ಬೇಸಿಗೆಯಲ್ಲಿ ಕಾರು ಹತ್ತಿ ಆ ದೇಶ ಸುತ್ತಿದ ಮೇಲೆ ನಾಟಕಕ್ಕಿಂತ ಅಲ್ಲಿನ ನೆಲ, ಜನರೇ ಅವರನ್ನು ಹೆಚ್ಚು ಸೆಳೆದರು.

ಮೊದಲ ಕೆಲಸ ಸಿಕ್ಕ ಬಗೆಯನ್ನು ಗಮನಿಸಿ. ಬ್ರಿಟಿಷ್ ರಾಜಕಾರಣಿ ಸ್ಟಾನ್ಲಿ ಬಾಲ್ಡ್ವಿನ್ ಅವರ ಮಗ ಆಲಿವರ್ ಬಾಲ್ಡ್ವಿನ್ ಅವರನ್ನು ಬಿಬಿಸಿ ಸಿನಿಮಾ ವಿಮರ್ಶಕನ ಸ್ಥಾನದಿಂದ ತೆಗೆದಿದೆ ಎಂಬ ಸುದ್ದಿ ಅಮೆರಿಕದಲ್ಲಿದ್ದ ಕುಕ್ ಕಣ್ಣಿಗೆ ಬಿತ್ತು. ತಡಮಾಡದೆ ಬಿಬಿಸಿಗೆ ತಂತಿ ಕಳಿಸಿ ಆ ಜಾಗ ಕೇಳಿದರು, ಪಡೆದರು. 1934ರ ಅಕ್ಟೋಬರ್‌ನಲ್ಲಿ ಅವರ ಮೊದಲ ಪ್ರಸಾರ. ಅಷ್ಟರಲ್ಲಾಗಲೇ ಹಾಲಿವುಡ್‌ಗೆ ಹೋಗಿ ಚಾಪ್ಲಿನ್ ಸಂದರ್ಶನ ಮಾಡಿದ್ದರು. ಬರಿಗೈಯಲ್ಲಿ ಕೇಳಿದ್ದಲ್ಲ.

ಲಂಡನ್‌ನಲ್ಲಿದ್ದಾಗಲೇ ಅಮೆರಿಕದ ಎನ್‌ಬಿಸಿ ರೇಡಿಯೋ ಸಂಸ್ಥೆಗಾಗಿ ‘ಲಂಡನ್ ಲೆಟರ್’ ಎಂಬ ವಾರದ ಮಾತು ಶುರು ಮಾಡಿದರು: ಹದಿನೈದು ನಿಮಿಷ, ಬ್ರಿಟನ್ನಿನ ಬದುಕು, ಅಮೆರಿಕದ ಕೇಳುಗರಿಗೆ. 1936ರಲ್ಲಿ ಎಂಟನೇ ಎಡ್ವರ್ಡ್ ಸಿಂಹಾಸನ ಬಿಟ್ಟಾಗ ದಿನಕ್ಕೆ ಹಲವು ಬಾರಿ ಮೈಕ್ ಮುಂದೆ ಕೂತರು. ಹತ್ತು ದಿನದಲ್ಲಿ 4 ಲಕ್ಷ ಪದ ಮಾತಾಡಿದೆನೆಂದು ಅವರೇ ಲೆಕ್ಕ ಹಾಕಿದ್ದರು. 1937ರಲ್ಲಿ ಅಮೆರಿಕಕ್ಕೆ ವಲಸೆ ಹೋದದ್ದೇ ತಡ, ಅದೇ ಕಾರ್ಯಕ್ರಮವನ್ನು ತಿರುಗಿಸಿ ಹಾಕುವ ಯೋಚನೆಯನ್ನು ಬಿಬಿಸಿ ಮುಂದಿಟ್ಟರು: ಅಮೆರಿಕದ ಬದುಕು, ಬ್ರಿಟಿಷ್ ಕೇಳುಗರಿಗೆ. 1938ರಿಂದ ಬಿಟ್ಟುಬಿಟ್ಟು ನಡೆದ ಆ ಪ್ರಯೋಗ ಎರಡನೇ ಮಹಾಯುದ್ಧ ಬಂದು ನಿಂತಿತು. 1941ರ ಡಿಸೆಂಬರ್ 1ರಂದು ಅವರು ಅಮೆರಿಕದ ಪೌರರಾದರು, ಅಮೆರಿಕವನ್ನು ಯುದ್ಧಕ್ಕೆ ಎಳೆದ ಪರ್ಲ್ ಹಾರ್ಬರ್ ದಾಳಿಗೆ ಆರು ದಿನ ಮೊದಲು.

ಯುದ್ಧ ಮುಗಿದ ಮೇಲೆ, 1946ರ ಮಾರ್ಚ್ 24ರಂದು ‘ಅಮೆರಿಕನ್ ಲೆಟರ್’ ಪ್ರಸಾರವಾಯಿತು. ಒಪ್ಪಂದ ಬರೀ 13 ಕಂತಿಗೆ. 1950ರಲ್ಲಿ ಅದರ ಹೆಸರು ‘ಲೆಟರ್ ಫ್ರಮ್ ಅಮೆರಿಕ’ ಎಂದಾಯಿತು. 2004ರ ಫೆಬ್ರವರಿಯಲ್ಲಿ ನಿಂತಾಗ ಕಂತಿನ ಸಂಖ್ಯೆ 2,869. ಮುಂದಿನ ತಿಂಗಳ 30ರಂದು, 95ನೇ ವಯಸ್ಸಿನಲ್ಲಿ, ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ಬಿಬಿಸಿ ವರ್ಲ್ಡ್ ಸರ್ವಿಸ್‌ನಲ್ಲೂ ಬರುತ್ತಿದ್ದುದರಿಂದ ನಮ್ಮ ಕಡೆ ಶಾರ್ಟ್‌ವೇವ್ ರೇಡಿಯೋ ತಿರುಗಿಸುತ್ತಿದ್ದವರಿಗೂ ಆ ದನಿ ಸಿಗುತ್ತಿತ್ತು.

ಇದೊಂದರಿಂದಲೇ ಸಂಸಾರ ನಡೆಯಿತು ಅಂದುಕೊಳ್ಳಬೇಡಿ. 1947ರಿಂದ 1972ರವರೆಗೆ ಮ್ಯಾಂಚೆಸ್ಟರ್ ಗಾರ್ಡಿಯನ್‌ನ (ಮುಂದೆ ಬರೀ ಗಾರ್ಡಿಯನ್ ಆಯಿತು) ವರದಿಗಾರ. 1952ರಿಂದ 1961ರವರೆಗೆ ‘ಆಮ್ನಿಬಸ್’ ಟಿವಿ ಕಾರ್ಯಕ್ರಮದ ನಿರೂಪಕ. 1971ರಿಂದ 1992ರವರೆಗೆ ಸಾರ್ವಜನಿಕ ಟಿವಿಯ ‘ಮಾಸ್ಟರ್‌ಪೀಸ್ ಥಿಯೇಟರ್’ ನಿರೂಪಕ. ನಡುವೆ 1972ರಲ್ಲಿ ಅಮೆರಿಕದ ಇತಿಹಾಸದ ಮೇಲೆ 13 ಕಂತಿನ ಟಿವಿ ಸರಣಿ. ಅಮೆರಿಕದವರಿಗೆ ಅವರು ಟಿವಿಯ ಮುಖ, ಬ್ರಿಟನ್ನಿನವರಿಗೆ ರೇಡಿಯೋದ ದನಿ. 1973ರಲ್ಲಿ ಬ್ರಿಟನ್ ಗೌರವ ನೈಟ್ ಪದವಿ ಕೊಟ್ಟಿತು, ಆದರೆ ಅಮೆರಿಕದ ಪೌರರಾದ್ದರಿಂದ ‘ಸರ್’ ಎಂದು ಕರೆಸಿಕೊಳ್ಳುವಂತಿರಲಿಲ್ಲ. ನೀವೂ ಈಗಿರುವ ನೌಕರಿ ಬಿಡದೆ ಶುರು ಮಾಡಿ.

ಇನ್ನು ಕಸುಬಿನ ವಿಷಯ. ಕುಕ್ ಮೈಕ್ ಮುಂದೆ ಹಾಗೇ ಹರಟುತ್ತಿದ್ದಾರೆ ಅನಿಸುತ್ತದೆ. ಆದರೆ ಪ್ರತಿ ಪದವೂ ಮೊದಲೇ ಟೈಪ್ ಮಾಡಿಟ್ಟದ್ದು. ಹರಟೆಯಂತೆ ಕೇಳಿಸುವಂತೆ ಬರೆಯುತ್ತಿದ್ದರು, ಬರೆದದ್ದನ್ನು ಓದುತ್ತಿದ್ದರು. ಹೊಸಬರು ಎಡವುವುದು ಇಲ್ಲೇ. ಬರೆಯದೆ ಮಾತಾಡಿದರೆ ಐದನೇ ನಿಮಿಷಕ್ಕೆ ಎಳೆ ತಪ್ಪುತ್ತದೆ. ಪತ್ರಿಕೆಗೆ ಬರೆದಂತೆ ಬರೆದು ಓದಿದರೆ ಭಾಷಣವಾಗುತ್ತದೆ.

ಕನ್ನಡದಲ್ಲಿ ಈ ಕಷ್ಟ ಇನ್ನಷ್ಟು ಹೆಚ್ಚು. ‘ಕಳೆದ ವಾರ ನಮ್ಮ ಬೀದಿಯ ಕೊನೆಯಲ್ಲಿ ನಲವತ್ತು ವರ್ಷದಿಂದ ಇದ್ದ, ಎರಡು ತಲೆಮಾರು ನಡೆಸಿಕೊಂಡು ಬಂದ ಬೇಕರಿ ಮುಚ್ಚಿತು’ ಎಂಬುದು ಕಾಗದದ ಮೇಲೆ ಸರಿ. ಕಿವಿಗೆ ಮಾತ್ರ ‘ಬೇಕರಿ’ ಬರುವವರೆಗೆ ಯಾವುದರ ಸುದ್ದಿ ಎಂದೇ ಗೊತ್ತಾಗುವುದಿಲ್ಲ. ಒಡೆಯಿರಿ: ‘ನಮ್ಮ ಬೀದಿ ಕೊನೆಯ ಬೇಕರಿ ಮುಚ್ಚಿತು. ನಲವತ್ತು ವರ್ಷದ್ದು. ಅಪ್ಪ ಶುರು ಮಾಡಿದ್ದು, ಮಗ ಬೀಗ ಹಾಕಿದ.’ ‘ಮೇಲೆ ಹೇಳಿದಂತೆ’, ‘ಕ್ರಮವಾಗಿ’ ಇವೆಲ್ಲ ಕಣ್ಣಿಗಾಗಿ ಹುಟ್ಟಿದ ಪದಗಳು, ತೆಗೆದುಬಿಡಿ. ನಮ್ಮ ಪದಗಳು ಪ್ರತ್ಯಯ ಸೇರಿ ಉದ್ದವಾಗುವುದರಿಂದ ನಿಮಿಷಕ್ಕೆ 90ರಿಂದ 100 ಪದವೆಂದು ಹಿಡಿಯಿರಿ. ಹದಿನೈದು ನಿಮಿಷಕ್ಕೆ ಹತ್ತಿರಹತ್ತಿರ 1,400 ಸಾಕು. ಮೊದಲ ಕರಡನ್ನು ಗಟ್ಟಿಯಾಗಿ ಓದಿ, ಉಸಿರು ಸಾಲದ ಕಡೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿ, ಅಲ್ಲಿ ವಾಕ್ಯ ತುಂಡು ಮಾಡಿ. ಹಾಳೆಗೆ ಒಂದೇ ಮಗ್ಗುಲು ಮುದ್ರಿಸಿ, ವಾಕ್ಯ ಪುಟ ದಾಟದಂತೆ ನೋಡಿಕೊಳ್ಳಿ. ಹಾಳೆ ಮಗುಚುವ ಸದ್ದು ಮೈಕಿಗೆ ಚೆನ್ನಾಗಿ ಕೇಳುತ್ತದೆ.

ವಿಷಯ ಹಿಡಿಯುವ ರೀತಿಯಲ್ಲೂ ಅವರು ಮುಂಬಾಗಿಲಿನಿಂದ ಒಳಬರುವವರಲ್ಲ. ಹವಾಮಾನವೋ, ಗಾಲ್ಫೋ, ಯಾರೋ ಹಳೆಯ ಪರಿಚಿತರೋ ಮೊದಲು ಬರುತ್ತಾರೆ. ಸುದ್ದಿ ಹಿತ್ತಿಲಿನಿಂದ ಬಂದು ಕೂತಿರುತ್ತದೆ. ಆ ಸಣ್ಣ ವಿಷಯಕ್ಕೂ ದೊಡ್ಡ ವಿಷಯಕ್ಕೂ ಒಳಸಂಬಂಧ ಇರಬೇಕು, ಇಲ್ಲವಾದರೆ ಕೇಳುಗರಿಗೆ ಕಾಲಹರಣ ಅನಿಸುತ್ತದೆ. ಘಟನೆಯೇ ದೊಡ್ಡದಿದ್ದಾಗ ಅವರು ಈ ಬಳಸುದಾರಿಯನ್ನೂ ಬಿಡಬಲ್ಲವರಾಗಿದ್ದರು. 1968ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಅಂಬಾಸಡರ್ ಹೋಟೆಲಿನಲ್ಲಿ ಅಧ್ಯಕ್ಷ ಚುನಾವಣೆಗೆ ಉಮೇದುವಾರರಾಗಲು ಹೊರಟಿದ್ದ ರಾಬರ್ಟ್ ಕೆನಡಿ ಅವರಿಗೆ ಗುಂಡು ಬಿದ್ದಾಗ ಕುಕ್ ಅಲ್ಲೇ ಇದ್ದರು. ಆ ವಾರದ ಮಾತಿನಲ್ಲಿ ತಾವು ನಿಂತಿದ್ದ ಜಾಗದಿಂದ ಕಂಡದ್ದನ್ನು ಹೇಳಿದರು. ಇಡೀ ದೇಶವೇ ತಪ್ಪಿತಸ್ಥ ಎಂಬ ವಾದವನ್ನು ಖಡಾಖಂಡಿತವಾಗಿ ತಳ್ಳಿಹಾಕಿದರು. ಎಲ್ಲ ಬಿಟ್ಟು ಒಂದೇ ಕಂತು ಕೇಳುತ್ತೀರಾದರೆ ಅದನ್ನು ಕೇಳಿ.

ಕೇಳಲು ಸಿಗುತ್ತದೆಯೇ ಎಂದರೆ, ಎಲ್ಲವೂ ಇಲ್ಲ. 2012ರಲ್ಲಿ ಬಿಬಿಸಿ 900ಕ್ಕೂ ಹೆಚ್ಚು ಕಂತುಗಳನ್ನು ಅಂತರ್ಜಾಲಕ್ಕೆ ಹಾಕಿತು. ಅನೇಕ ಧ್ವನಿಮುದ್ರಣಗಳನ್ನು ಸಂಸ್ಥೆ ಉಳಿಸಿಕೊಂಡಿರಲಿಲ್ಲ. 2014ರಲ್ಲಿ ಸೇರಿದ ಇನ್ನೂ 600ಕ್ಕೂ ಹೆಚ್ಚು ಕಂತುಗಳು ಕೇಳುಗರು ತಮ್ಮ ಮನೆಯಲ್ಲಿ ಟೇಪ್ ಮಾಡಿಟ್ಟುಕೊಂಡಿದ್ದವು. ನಿಮ್ಮ ಮೊದಲ ಕಂತಿನಿಂದಲೇ ಮೂಲ ಧ್ವನಿಯನ್ನು ವೇವ್ (WAV, ಧ್ವನಿಯನ್ನು ಕುಗ್ಗಿಸದ) ಫೈಲಿನಲ್ಲೇ, ಎರಡು ಬೇರೆ ಬೇರೆ ಕಡೆ ಇಡಿ. ಬರಹದ ಪ್ರತಿಗೆ ತಾರೀಖು ಹಾಕಿ ಪಕ್ಕದಲ್ಲೇ ಇಟ್ಟುಕೊಳ್ಳಿ.