ದೊಡ್ಡವನಿಗೂ ಐದೇ ವರ್ಷ ಅಲ್ವಾ?

ಬೆಳಗಾವಿಯ ಒಂದು ಮನೆಯ ವಿಷಯ ಇದು. ಗುರುತು ಸಿಗಬಾರದು ಅಂತ ಕಸುಬು, ಓಣಿ, ಮಕ್ಕಳ ವಯಸ್ಸಿನಲ್ಲಿ ಒಂದೆರಡು ತಿಂಗಳು ಎಲ್ಲ ಬದಲಿಸಿದ್ದೇನೆ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹುಡುಗರನ್ನು ದೊಡ್ಡವ, ಸಣ್ಣವ ಎನ್ನುತ್ತೇನೆ. ಅವರ ಮನೆಯಲ್ಲೂ ಅರ್ಧ ದಿನ ಹಾಗೇ ಕರೆಯುತ್ತಾರೆ.

ಅವರು ನನ್ನ ಹತ್ತಿರ ಸಲಹೆ ಕೇಳಲು ಬಂದದ್ದು ಸಣ್ಣವನ ಸಲುವಾಗಿ. ಎರಡು ವರ್ಷ ಎರಡು ತಿಂಗಳ ಹುಡುಗ. ಓಡುತ್ತಾನೆ, ಮೆಟ್ಟಿಲು ಹತ್ತುತ್ತಾನೆ, ಅಪ್ಪನ ಗಾಡಿ ಸಪ್ಪಳ ಕೇಳಿದರೆ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ, ಆದರೆ ಮಾತಿಲ್ಲ. "ದೊಡ್ಡಾವ ಈ ವಯಸ್ಸಿಗೆ ಹಾಡು ಹೇಳ್ತಿದ್ದ ರೀ ಮೇಡಂ. ಇವಾ ನೋಡ್ರಿ, ಬರೇ ಬಟ್ಟು ಮಾಡಿ ತೋರಸ್ತಾನ" ಎಂದರು ತಾಯಿ. ಅವರ ತವರು ಬಾಗಲಕೋಟೆ ಕಡೆ, ಮನೆಯಲ್ಲೇ ಹೊಲಿಗೆ ಕೆಲಸ. ಗಂಡನಿಗೆ ಪವರ್‌ಲೂಮ್‌ನಲ್ಲಿ ಕೆಲಸ, ರಾತ್ರಿ ಪಾಳಿಯೂ ಇರುತ್ತದೆ. ಅತ್ತೆಯ ಮಾತು ಮರಾಠಿ, ಮಕ್ಕಳು ಅವರನ್ನು ಆಜಿ ಎನ್ನುತ್ತಾರೆ. ಬೆಳಗಾವಿಯಲ್ಲಿ ಇಂಥ ಮನೆ ಓಣಿಗೆ ನಾಲ್ಕು ಸಿಗುತ್ತವೆ ಬಿಡಿ.

ನನ್ನ ಹತ್ತಿರ ಬರುವ ಮೊದಲು ಅವರಿಗೆ ಸಲಹೆ ಕೊಟ್ಟವರು ಬಹಳ ಮಂದಿ. ಗಂಡುಹುಡುಗರು ಮಾತು ತಡ, ಸುಮ್ನೆ ಬಿಡ್ರಿ ಅಂದವರು ಒಬ್ಬರು. ನಾಲಿಗೆ ಕೆಳಗಿನ ದಾರ ಕೊಯ್ಸಿರಿ ಅಂದವರು ಇನ್ನೊಬ್ಬರು. ಆಜಿ ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದರು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಜಾವಳ, ಅಂದರೆ ಹುಟ್ಟುಗೂದಲು, ತೆಗೆಸಿದರೆ ಮಾತು ಬರುತ್ತದೆ ಅಂದದ್ದಕ್ಕೆ ಅದೂ ಆಯಿತು. ಪಕ್ಕದ ಮನೆಯವರಂತೂ ಮರಾಠಿ ಕನ್ನಡ ಎರಡೂ ಕಿವಿಗೆ ಬಿದ್ದು ಹುಡುಗನ ತಲೆ ಕೆಟ್ಟಿದೆ, ಒಂದೇ ಭಾಷೆ ಆಡಿರಿ ಅಂದಿದ್ದರು. ಅವತ್ತಿನಿಂದ ಸೊಸೆ ಅತ್ತೆಗೆ, ನೀವು ಅವನ ಕೂಡ ಮಾತಾಡಬೇಡಿ ಅಂತ ಹೇಳಿಬಿಟ್ಟಿದ್ದರು. ಆಜಿ ಪಾಪ, ಮೊಮ್ಮಗನನ್ನು ತೊಡೆ ಮೇಲೆ ಕೂಡಿಸಿಕೊಂಡು ಸುಮ್ಮನೆ ಬೆನ್ನು ಸವರುತ್ತಿದ್ದರು.

ಮೊದಲು ಅದನ್ನೇ ಬಿಡಿಸಿದೆ. ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಮಗುವಿಗೆ ಎಷ್ಟು ಶಬ್ದ ಬರುತ್ತವೆ ಅಂತ ಎಣಿಸುವಾಗ ಎರಡೂ ಭಾಷೆಯದನ್ನು ಕೂಡಿಸಬೇಕು. ತಾಯಿಯ ಲೆಕ್ಕದಲ್ಲಿ ಆರೇ ಶಬ್ದ ಇದ್ದವು. ಆಜಿ ಬಾಯಿಬಿಟ್ಟ ಮೇಲೆ ಪಾಣಿ, ನಕೋ, ಆಜಿ, ಚಲ್ ಎಲ್ಲ ಸೇರಿ ಹದಿನಾಲ್ಕಕ್ಕೆ ಹೋಯಿತು. ಹಾಗಂತ ಹದಿನಾಲ್ಕು ಸಾಕಾಗುವುದಿಲ್ಲ. ಎರಡು ವರ್ಷಕ್ಕೆ ಸುಮಾರು 50 ಶಬ್ದ, ಜೊತೆಗೆ "ಅವ್ವ ಬಾ" ಅನ್ನುವ ಹಾಗೆ ಎರಡು ಶಬ್ದ ಜೋಡಿಸುವುದು ಬರಬೇಕು. ಗಂಡುಮಕ್ಕಳು ಸರಾಸರಿ ಸ್ವಲ್ಪ ಹಿಂದೆ ಇರುವುದು ನಿಜ. ಆದರೆ ಅದು ಒಂದೆರಡು ತಿಂಗಳ ಅಂತರ, ವರ್ಷಗಟ್ಟಲೆ ಕಾಯುವುದಕ್ಕೆ ಅದು ಕಾರಣ ಅಲ್ಲ. ಇಷ್ಟಕ್ಕೂ ಅಣ್ಣ ಯಾವಾಗ ಹಾಡು ಹೇಳಿದ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಲಸಿಕೆ ಬರೆದಿಡುವ 'ತಾಯಿ ಕಾರ್ಡ್' ಇರುತ್ತದಲ್ಲ, ಅದರಲ್ಲಿ ಯಾವ ವಯಸ್ಸಿಗೆ ಏನು ಬರಬೇಕು ಅಂತ ಚಿತ್ರ ಸಮೇತ ಇರುತ್ತದೆ, ಅದನ್ನು ನೋಡಬೇಕು. ಈ ಮನೆಯಲ್ಲಿ ಆ ಕಾರ್ಡು ಲಸಿಕೆಯ ದಿನ ಮಾತ್ರ ಕಪಾಟಿನಿಂದ ಹೊರಗೆ ಬರುತ್ತಿತ್ತು.

ಸಣ್ಣವನಲ್ಲಿ ಒಳ್ಳೆಯ ಲಕ್ಷಣಗಳೂ ಇದ್ದವು. ಹೆಸರು ಕರೆದರೆ ತಿರುಗುತ್ತಾನೆ, ಕೆಲವು ಸಲ ಮಾತ್ರ ಎರಡು ಸಲ ಕರೆಯಬೇಕು. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನೆ, ತೋರಿಸಿ ಅವ್ವನ ಮುಖ ನೋಡುತ್ತಾನೆ. ಒಮ್ಮೆ ಬಂದ ಮಾತು ಹೋಗಿಲ್ಲ. ಬಂದ ಮಾತು ಹೋಗಿದ್ದರೆ, ಕಣ್ಣಿಗೆ ಕಣ್ಣು ಕೊಡದಿದ್ದರೆ, ಬೆರಳು ಮಾಡಿ ತೋರಿಸುವುದೇ ಇಲ್ಲದಿದ್ದರೆ ನಾನು ಅವತ್ತೇ ಮಕ್ಕಳ ಡಾಕ್ಟರ ಹತ್ತಿರ ಓಡಿಸುತ್ತಿದ್ದೆ. ಇವನಿಗೆ ಮೊದಲು ಬೇಕಾದದ್ದು ಕಿವಿ ಪರೀಕ್ಷೆ. ವರ್ಷವಿಡೀ ನೆಗಡಿ, ಬಾಯಿ ತೆರೆದು ನಿದ್ದೆ. ಇಂಥ ಮಕ್ಕಳಿಗೆ ಕಿವಿ ತಮಟೆಯ ಹಿಂದೆ ನೀರು ತುಂಬಿಕೊಂಡು ಮಾತು ಮಂದವಾಗಿ ಕೇಳುವುದು ಇದೆ. ಪೂರ್ತಿ ಕಿವುಡು ಅಲ್ಲ, ಹಾಗಾಗಿ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ, ಬೆಳವಣಿಗೆ ತಡವಾದ ಮಕ್ಕಳನ್ನು ಉಚಿತವಾಗಿ ನೋಡುವ ಕೇಂದ್ರ ಇರುತ್ತದೆ. ಅಂಗನವಾಡಿಯವರನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಅಲ್ಲಿಗೆ ಚೀಟಿ ಬರೆದುಕೊಟ್ಟೆ.

ಇಷ್ಟೂ ಹೊತ್ತು ದೊಡ್ಡವ ಏನು ಮಾಡುತ್ತಿದ್ದ ಅನ್ನುವುದು ಮುಖ್ಯ. ಐದು ವರ್ಷ ಮೂರು ತಿಂಗಳು, ಯುಕೆಜಿ. ನಾನು ಸಣ್ಣವನಿಗೆ "ಏನು ಬೇಕಪ್ಪಾ?" ಅಂದರೆ, "ಅವಗ ಬಿಸ್ಕೀಟ್ ಬೇಕ್ರಿ" ಅಂತ ಇವನು. ಚೆಂಡು ಯಾರದು ಅಂದರೂ ಇವನೇ. ತಮ್ಮನ ಜೊಲ್ಲು ಒರೆಸಿದ, ಬಿದ್ದ ಚಪ್ಪಲಿ ಹಾಕಿದ, ಅವ್ವನ ಚೀಲದಿಂದ ನೀರಿನ ಬಾಟಲಿ ತೆಗೆದು ಮುಚ್ಚಳ ಬಿಚ್ಚಿ ಕುಡಿಸಿದ. ನನ್ನ ಮೇಜಿನ ಮೇಲೆ ಬಣ್ಣದ ಪೆನ್ಸಿಲು, ಗಾಡಿ ಎಲ್ಲ ಇದ್ದವು. ಒಂದನ್ನೂ ಮುಟ್ಟಲಿಲ್ಲ. ಇವನು ಹೇಗಿದ್ದಾನೆ ಅಂತ ಕೇಳಿದೆ. "ಅವಂದೇನೂ ತ್ರಾಸಿಲ್ರೀ, ಭಾಳ ಶಾಣ್ಯಾ ಅದಾನ" ಅಂದರು ತಾಯಿ.

ಆಗ ಆಜಿ ಮೆಲ್ಲಗೆ, "ರಾತ್ರಿ ಹಾಸಿಗಿ ಹಸಿ ಮಾಡ್ತಾನ" ಅಂದರು. ತಾಯಿಯ ಮುಖ ಸಣ್ಣದಾಯಿತು. ಹುಡುಗ ತಮ್ಮನ ಚಪ್ಪಲಿ ಮತ್ತೆ ಬಿಚ್ಚಿ ಮತ್ತೆ ಹಾಕಲು ಶುರು ಮಾಡಿದ.

ಐದು ವರ್ಷದವರೆಗೆ ಹಾಸಿಗೆ ಒದ್ದೆಯಾಗುವುದನ್ನು ಯಾರೂ ರೋಗ ಅನ್ನುವುದಿಲ್ಲ. ಆಮೇಲೂ ಬಹಳ ಮಕ್ಕಳಲ್ಲಿ ಇರುತ್ತದೆ, ಅದರಲ್ಲೂ ಗಂಡುಹುಡುಗರಲ್ಲಿ ಜಾಸ್ತಿ. ಆದರೆ ಇವನದು ಬೇರೆ. ಮೂರು ತುಂಬುವ ಮೊದಲೇ ನಿಂತಿತ್ತು, ವರ್ಷದ ಮೇಲೆ ಹಾಸಿಗೆ ಒಣಗೇ ಇತ್ತು. ತಮ್ಮ ಹುಟ್ಟಿದಾಗ ಅವ್ವನ ಪಕ್ಕದಿಂದ ಎಬ್ಬಿಸಿ ಆಜಿ ಹತ್ತಿರ ಮಲಗಿಸಿದರು, ಆಗಲೂ ಏನೂ ಆಗಲಿಲ್ಲ. ಮತ್ತೆ ಶುರುವಾದದ್ದು ಸಣ್ಣವ ನಡೆಯಲು ಕಲಿತ ಮೇಲೆ. ಇದನ್ನು ಬಹಳ ಮನೆಗಳಲ್ಲಿ ನೋಡುತ್ತೇನೆ. ತೊಟ್ಟಿಲಲ್ಲಿ ಮಲಗಿದ ಕೂಸಿನಿಂದ ಅಣ್ಣನಿಗೆ ಅಂಥ ನಷ್ಟ ಇಲ್ಲ. ಅದೇ ಕೂಸು ಎದ್ದು ಬಂದು ಇವನ ಗಾಡಿ ಕಿತ್ತುಕೊಂಡು, ಇವನ ಪುಸ್ತಕ ಹರಿದು, ಅದಕ್ಕೂ ಎಲ್ಲರೂ ನಕ್ಕು, ಇವನು ಒಂದು ಏಟು ಹಾಕಿದರೆ "ನೀ ದೊಡ್ಡಾವ ಅದಿ, ತಿಳಿಯಂಗಿಲ್ಲೇನು" ಅಂತ ಬೈಸಿಕೊಳ್ಳುವಾಗ ನಿಜವಾದ ಸಂಕಟ ಶುರುವಾಗುತ್ತದೆ.

ದೊಡ್ಡವನ ಒಂದು ದಿನ ಹೇಗಿರುತ್ತದೆ ಅಂತ ತಾಯಿಯಿಂದಲೇ ಹೇಳಿಸಿದೆ. ಬೆಳಗ್ಗೆ ತಾನೇ ಸ್ನಾನ, ತಾನೇ ಸಾಕ್ಸು. ಅವ್ವ ಹೊಲಿಗೆಗೆ ಕೂತಾಗ ತಮ್ಮನ ಕಾವಲು. ಶಾಲೆ, ಸಂಜೆ ಟ್ಯೂಷನ್. ಅವ್ವನ ತೊಡೆ ಮೇಲೆ ಕೂತು ಎಷ್ಟು ದಿನ ಆಯಿತು ಅಂದೆ. ತಾಯಿ ನೆನಪು ಮಾಡಿಕೊಳ್ಳಲು ನೋಡಿದರು, ಆಗಲಿಲ್ಲ, ಕಣ್ಣಲ್ಲಿ ನೀರು ಬಂತು. ಅವರು ಕೆಟ್ಟ ತಾಯಿ ಅಲ್ಲವೇ ಅಲ್ಲ. ಹೊಲಿಗೆ ಮಷೀನು, ಅಡುಗೆ, ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವ ಗಂಡ, ಎಬ್ಬಿಸಬಾರದು ಅಂತ ಇಡೀ ಮನೆ ಪಿಸುಮಾತು. ಇದರ ನಡುವೆ ಹೇಳಿದ ಮಾತು ಕೇಳುವ ಒಂದು ಜೀವ ಸಿಕ್ಕಿತು, ಕೆಲಸ ಹೇಳಿದರು, ಅಷ್ಟೇ. ಆದರೆ ಆ ಜೀವಕ್ಕೆ ಐದು ವರ್ಷ.

ಒದ್ದೆಯಾದ ದಿನ ಚಾದರ ಅವನೇ ಮಡಚಿ ಬಚ್ಚಲಿಗೆ ಒಯ್ಯಬೇಕಿತ್ತು. ಅಪ್ಪ ಬೈಯುತ್ತಿದ್ದರು. ಸಂಜೆ ಐದರ ಮೇಲೆ ನೀರು ಬಂದ್.

ಮುಂದಿನ ಭೇಟಿಗೆ ತಂದೆಯೂ ಬಂದರು. ಮನಸ್ಸಿಲ್ಲದೇ ಬಂದಿದ್ದರು. "ನಾವೂ ಹಿಂಗ ಬೆಳದೇವ್ರಿ, ಯಾರು ಮುದ್ದು ಮಾಡಿದ್ರು ನಮಗ?" ಅಂದರು. ಪಕ್ಕದಲ್ಲಿದ್ದ ಆಜಿ ತಡಮಾಡದೇ, ನೀನೂ ಎರಡನೇ ಇಯತ್ತೆವರೆಗೆ ಹಾಸಿಗೆ ಒದ್ದೆ ಮಾಡುತ್ತಿದ್ದೆ ಅಂತ ಮರಾಠಿಯಲ್ಲಿ ಹೇಳಿಬಿಟ್ಟರು. ದೊಡ್ಡವ ಬಾಯಿ ತೆರೆದು ಅಪ್ಪನನ್ನೇ ನೋಡಿದ. ಅಪ್ಪನಿಗೂ ನಗು ತಡೆಯಲಾಗಲಿಲ್ಲ. ಹೆತ್ತವರಿಗೆ ಇದ್ದರೆ ಮಕ್ಕಳಿಗೂ ಇರುವ ಸಂಭವ ಜಾಸ್ತಿ ಅನ್ನುವುದನ್ನು ನಾನು ಹೇಳಬೇಕಿತ್ತು, ಆಜಿ ನನಗಿಂತ ಚೆನ್ನಾಗಿ ಹೇಳಿದರು.

ಇನ್ನು ನಾನು ಹೇಳಿದ ಸಲಹೆ. ಆರು ತಿಂಗಳಿಗಿಂತ ಜಾಸ್ತಿ ಒಣಗಿದ್ದ ಮಗು ಮತ್ತೆ ಒದ್ದೆ ಮಾಡಲು ಶುರು ಮಾಡಿದರೆ ಮನಸ್ಸಿನದೇ ಅಂತ ತೀರ್ಮಾನ ಮಾಡಬಾರದು. ಮೊದಲು ಡಾಕ್ಟರು. ಮೂತ್ರದಲ್ಲಿ ಸೋಂಕು, ಸಕ್ಕರೆ ನೋಡಿಸಬೇಕು, ಮಲಬದ್ಧತೆ ಇದೆಯಾ ಕೇಳಬೇಕು. ಇವನಿಗೆ ಮೂತ್ರ ಸರಿ ಇತ್ತು, ಮಲಬದ್ಧತೆ ಮಾತ್ರ ಜೋರಾಗಿತ್ತು. ಶಾಲೆಯ ಪಾಯಖಾನೆಗೆ ಹೋಗಲು ಅಂಜಿಕೆ, ದಿನವೆಲ್ಲ ತಡೆದುಕೊಳ್ಳುತ್ತಾನೆ. ಹೊಟ್ಟೆ ಗಟ್ಟಿಯಾಗಿ ತುಂಬಿದ್ದರೆ ಅದು ಮೂತ್ರಚೀಲವನ್ನು ಒತ್ತುತ್ತದೆ, ಅದರ ಮೇಲೆ ನೀರು ನಿಲ್ಲಿಸಿದರೆ ಇನ್ನೂ ಗಟ್ಟಿ. ಡಾಕ್ಟರು ಔಷಧಿ ಕೊಟ್ಟರು. ನಾನು, ಹಗಲೆಲ್ಲ ನೀರು ಚೆನ್ನಾಗಿ ಕುಡಿಸಿ, ಮಲಗುವ ಮುಂಚೆ ಒಂದು ತಾಸು ಮಾತ್ರ ಕಡಿಮೆ ಮಾಡಿ, ಮಲಗುವಾಗ ಒಮ್ಮೆ ಬಚ್ಚಲಿಗೆ ಕಳಿಸಿ ಅಂದೆ. ಪೇರಲ, ಪಪ್ಪಾಯಿ, ಸೊಪ್ಪಿನ ಪಲ್ಯ ಜಾಸ್ತಿ, ಬಿಸ್ಕೀಟು ಕಡಿಮೆ. ಗಾದಿ ಮೇಲೆ ರಬ್ಬರ್ ಶೀಟು. ಒದ್ದೆಯಾದರೆ ಮಾತೇ ಬೇಡ, ಚಾದರ ದೊಡ್ಡವರು ತೆಗೆಯಿರಿ. ಒಣಗಿದ್ದಕ್ಕೆ ಚಾಕಲೇಟು ಕೊಡುವುದೂ ಬೇಡ, ನಿದ್ದೆಯಲ್ಲಿ ಆಗುವುದು ಅವನ ಕೈಯಲ್ಲಿ ಇಲ್ಲ. ಶಾಲೆಯ ಟೀಚರಿಗೆ ಗುಟ್ಟಾಗಿ ಹೇಳಿ, ಬಿಡುವಿನ ಮುಂಚೆ, ಪಾಯಖಾನೆ ಖಾಲಿ ಇರುವಾಗ ಕಳಿಸಲಿ.

ತಮ್ಮನ ಕಾವಲು ಅವನ ಕೆಲಸ ಅಲ್ಲ. ಮನಸ್ಸಾದಾಗ ಆಡಿಸಲಿ, ಡ್ಯೂಟಿ ಬೇಡ. ಅವ್ವ ಹೊಲಿಗೆಗೆ ಕೂತಾಗ ಸಣ್ಣವನನ್ನು ಆಜಿ ನೋಡಿಕೊಳ್ಳಲಿ, ಮರಾಠಿಯಲ್ಲಿ ಧಾರಾಳವಾಗಿ ಮಾತಾಡಲಿ. ದಿನಕ್ಕೆ ಕಾಲು ತಾಸು ದೊಡ್ಡವ ಮತ್ತು ಅವ್ವ ಇಬ್ಬರೇ, ಏನು ಆಡಬೇಕು ಅಂತ ಅವನೇ ಹೇಳಲಿ. ತಂದೆಗೆ, ರಜೆಯ ದಿನ ಸಂತೆಗೆ ಹೋಗುವಾಗ ದೊಡ್ಡವನೊಬ್ಬನನ್ನೇ ಗಾಡಿ ಮೇಲೆ ಕರೆದುಕೊಂಡು ಹೋಗಿ ಅಂದೆ. ಜಗಳದಲ್ಲಿ ಯಾರು ದೊಡ್ಡವರು ಅಂತ ಕೇಳಬೇಡಿ, ಆಟದ ಗಾಡಿ ಯಾರ ಕೈಯಲ್ಲಿತ್ತು ಅಂತ ಕೇಳಿ. ಸಣ್ಣವನ ಕೈಗೆ ಸಿಗದ ಹಾಗೆ ದೊಡ್ಡವನ ಸಾಮಾನಿಗೆ ಒಂದು ಡಬ್ಬಿ ಮೇಲಿನ ಅಟ್ಟಣಿಗೆಯಲ್ಲಿ ಇಡಿ.

ಸಣ್ಣವನಿಗೆ ಅಣ್ಣ ಉತ್ತರ ಕೊಟ್ಟರೆ ಅಣ್ಣನನ್ನು ಗದರಿಸಬೇಡಿ ಅಂತ ಒತ್ತಿ ಹೇಳಿದೆ. ಅಣ್ಣನಿಂದ ಮಾತು ನಿಂತಿಲ್ಲ. ದೊಡ್ಡವರು ಸಣ್ಣವನ ಎದುರು ಕುಕ್ಕರಗಾಲಲ್ಲಿ ಕೂತು, ಮುಖ ನೋಡಿ, ನೀರೋ ಹಾಲೋ ಅಂತ ಎರಡೂ ತೋರಿಸಿ, ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಕಾಯಬೇಕು. ಅರ್ಧ ಶಬ್ದ ಬಂದರೂ ಕೊಡಬೇಕು. ಪೂರ್ತಿ ಹೇಳು ಅಂತ ಹಟ ಹಿಡಿದು ಅಳಿಸಬಾರದು. ಊಟದ ಹೊತ್ತಿಗೆ ಮೊಬೈಲು ಬಂದ್. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಮೊಬೈಲು, ಟಿವಿ ನೋಡುವುದು ದಿನಕ್ಕೆ ಒಂದು ತಾಸಿನ ಒಳಗೆ ಇರಲಿ, ಕಡಿಮೆ ಆದಷ್ಟೂ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಲ್ಲಿ ಊಟದ ಲೆಕ್ಕವೇ ಅದನ್ನು ದಾಟುತ್ತಿತ್ತು.

ಆಮೇಲೆ ಆದದ್ದು ಹೀಗೆ. ಸಣ್ಣವನ ಎರಡೂ ಕಿವಿಯಲ್ಲಿ ನೀರು ಇತ್ತು. ಹೀಗಿದ್ದಾಗ ಮೂರು ತಿಂಗಳು ಕಾದು ಮತ್ತೆ ನೋಡುವುದು ರೂಢಿ, ಬಹಳ ಮಕ್ಕಳಲ್ಲಿ ತಾನೇ ಇಳಿಯುತ್ತದೆ. ಇವನಿಗೆ ಒಂದು ಕಿವಿ ತಿಳಿಯಾಗಿದೆ, ಇನ್ನೊಂದನ್ನು ಮತ್ತೆ ತೋರಿಸಬೇಕು. ಮಾತಿನ ತರಬೇತಿ ನಡೆದಿದೆ. ಶಬ್ದ ಜೋಡಿಸಲು ಶುರು ಮಾಡಿದ್ದಾನೆ. "ಪಾಣಿ ಕೊಡು" ಅಂತಾನೆ, ಆಜಿಯದೊಂದು ಅವ್ವನದೊಂದು. ವಯಸ್ಸಿನ ಮಕ್ಕಳಿಗಿಂತ ಇನ್ನೂ ಹಿಂದೇ ಇದ್ದಾನೆ.

ದೊಡ್ಡವನ ಹಾಸಿಗೆ ವಾರದಲ್ಲಿ ಒಂದೆರಡು ದಿನ ಒದ್ದೆ ಆಗುತ್ತದೆ, ಮೊದಲು ದಿನಾ ಆಗುತ್ತಿತ್ತು. ಅಪ್ಪನ ರಾತ್ರಿ ಪಾಳಿ ಇದ್ದ ವಾರ ಜಾಸ್ತಿ. ಟ್ಯೂಷನ್ ಬಿಡಿಸಿ ಅಂದಿದ್ದೆ, ಅದಕ್ಕೆ ತಂದೆ ಇನ್ನೂ ಒಪ್ಪಿಲ್ಲ.

ಕಳೆದ ಸಲ ತಾಯಿ ಬೇರೆಯೇ ದೂರು ತಂದರು. "ಮೇಡಂ, ಮೊದಲಿನಂಗ ಮಾತು ಕೇಳವಲ್ಲ ರೀ ದೊಡ್ಡಾವ. ತಮ್ಮನ ಕೂಡ ಜಗಳಾಡ್ತಾನ, ಬಟ್ಲಾ ತಾ ಅಂದ್ರ ನೀನ ತಗೋ ಅಂತಾನ." ಕಚ್ಚುವುದು, ಹೊಡೆದು ಗಾಯ ಮಾಡುವುದು ಇದ್ದರೆ ಹೇಳಿ, ಇಲ್ಲದಿದ್ದರೆ ಬಟ್ಟಲು ನೀವೇ ತಗೊಳ್ಳಿ ಅಂದೆ.