ಪೀಟರ್ ಲಾನ್ಯನ್: ಗ್ಲೈಡರ್‌ಗಿಂತ ಮೊದಲಿನ ಕಥೆ

ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಹಾರಿಸಲು ಕಲಿತ ಮೇಲೆಯೇ ಬ್ರಿಟಿಷ್ ಚಿತ್ರಕಾರ ಪೀಟರ್ ಲಾನ್ಯನ್ ಅಮೂರ್ತ ಚಿತ್ರಕಲೆಯತ್ತ ಹೊರಳಿದರೇ ಎಂದು ತಾವು ಕೇಳಿದ್ದೀರಿ. ಹಾಗಲ್ಲ. 1918ರಲ್ಲಿ ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನ ಸೇಂಟ್ ಐವ್ಸ್‌ನಲ್ಲಿ ಜನಿಸಿದ ಅವರು, 1939ರಲ್ಲಿ ಲಂಡನ್ ಬಿಟ್ಟು ಆ ಊರಿಗೆ ಬಂದ ಅಮೂರ್ತ ಕಲಾವಿದ ಬೆನ್ ನಿಕಲ್ಸನ್ ಅವರಲ್ಲಿ ಪಾಠ ಹೇಳಿಸಿಕೊಂಡಾಗಲೇ ಆ ದಾರಿ ತೆರೆದುಕೊಂಡಿತ್ತು.

ಆದರೆ ಗುರುವಿನ ಶುಭ್ರ ಜ್ಯಾಮಿತಿ ಶಿಷ್ಯನಿಗೆ ಒಗ್ಗಲಿಲ್ಲ. ಅವರಿಗೆ ಹುಟ್ಟೂರಿನ ಮಣ್ಣು, ಬಂಡೆ, ಕಡಲೇ ಬೇಕಿದ್ದವು. 1951ರ 'ಪೋರ್ಥ್‌ಲೆವೆನ್' ಚಿತ್ರದಲ್ಲಿ ಒಂದು ಬಂದರನ್ನು ಹಲವು ಕೋನಗಳಿಂದ ಏಕಕಾಲದಲ್ಲಿ ಕಂಡಂತೆ ಮಡಚಿಟ್ಟಿದ್ದಾರೆ. ಅದರ ಸ್ಥಳಾವಕಾಶವನ್ನು ಗ್ರಹಿಸಲು ಮೊದಲು ಮೂರು ಆಯಾಮದ ರಚನೆಗಳನ್ನೇ ಮಾಡಿಕೊಂಡಿದ್ದರು. ಕಾರ್ನ್‌ವಾಲ್‌ನ ಗಣಿ ಊರೊಂದರ ಹೆಸರು ಹೊತ್ತ, 1953ರಲ್ಲಿ ಮುಗಿದ 'ಸೇಂಟ್ ಜಸ್ಟ್' ನನ್ನ ದೃಷ್ಟಿಯಲ್ಲಿ ಅವರ ಅತ್ಯಂತ ಗಹನವಾದ ಕೃತಿ. ಅದರ ನಡುವೆ ಇಳಿಯುವ ಕಪ್ಪು ಪಟ್ಟಿ ತವರದ ಗಣಿಯ ಬಾವಿಯೂ ಹೌದು, ಶಿಲುಬೆಯೂ ಹೌದು. ಆ ಸೀಮೆಯ ಲೆವಂಟ್ ಗಣಿಯಲ್ಲಿ 1919ರಲ್ಲಿ 31 ಕಾರ್ಮಿಕರು ಸತ್ತಿದ್ದನ್ನು ಮರೆತು ಅದನ್ನು ನೋಡುವುದು ಕಷ್ಟ.

ಹಾರಾಟ ಆರಂಭವಾದದ್ದು 1959ರಲ್ಲಿ. ಅದರಿಂದ ಬದಲಾದದ್ದು ವಸ್ತು: ನೆಲದ ಬದಲು ಗಾಳಿ. 1960ರ 'ಥರ್ಮಲ್' ಚಿತ್ರದಲ್ಲಿ, ಗ್ಲೈಡರನ್ನು ಮೇಲೆತ್ತುವ ಬಿಸಿಗಾಳಿಯ ಕಂಬವೇ ಬಣ್ಣವಾಗಿದೆ. ಕುಂಚದ ಬೀಸು ಸಡಿಲಗೊಂಡದ್ದರಲ್ಲಿ 1957ರ ಅವರ ನ್ಯೂಯಾರ್ಕ್ ಪ್ರದರ್ಶನದ ಮತ್ತು ಅಮೆರಿಕದ ಅಮೂರ್ತ ಚಿತ್ರಕಾರ ಮಾರ್ಕ್ ರಾತ್ಕೋ ಅವರ ಪರಿಚಯದ ಪಾಲೂ ಇದ್ದೀತು. 1964ರ ಆಗಸ್ಟ್‌ನಲ್ಲಿ ಗ್ಲೈಡರ್ ಅಪಘಾತದಲ್ಲಿ ಗಾಯಗೊಂಡ ಅವರು, ಕೆಲವೇ ದಿನಗಳಲ್ಲಿ ಇಂಗ್ಲೆಂಡಿನ ಟಾಂಟನ್ ಪಟ್ಟಣದಲ್ಲಿ ತೀರಿಕೊಂಡರು. ಆಗ ಅವರಿಗೆ 46 ವರ್ಷ.