ಒಂದೇ ಕಲ್ಲಿಗೆ ಮೂರು ನಂಬರ್: ಕೃಷ್ಣರಾಜಪೇಟೆಯ ಮೇಷ್ಟ್ರಿಗೆ ಉತ್ತರ

ಪತ್ರದ ಸಾರ: ಕೃಷ್ಣರಾಜಪೇಟೆಯ ಹೈಸ್ಕೂಲ್ ಮೇಷ್ಟ್ರೊಬ್ಬರು ಮಕ್ಕಳ ಜೊತೆ ಸೇರಿ ತಾಲ್ಲೂಕಿನ ಶಾಸನ, ವೀರಗಲ್ಲು, ಹಾಳುಗುಡಿಗಳ ಪಟ್ಟಿ ಮಾಡುತ್ತಿದ್ದಾರೆ. ಕೊಳ್ಳೇಗಾಲದ ಅವರ ಗೆಳೆಯರ ಹತ್ತಿರ ಇಂಥದ್ದೇ ಇನ್ನೊಂದು ಪಟ್ಟಿ ಇದೆ. ಎರಡನ್ನೂ ಒಂದೇ ಎಕ್ಸೆಲ್ ಶೀಟಿಗೆ ಹಾಕಲು ಹೋದರೆ ಕಾಲಂಗಳು ಹೊಂದುತ್ತಿಲ್ಲ, ಒಂದೇ ಕಲ್ಲು ಎರಡು ಮೂರು ಸಲ ಬರುತ್ತಿದೆ. ‘ಹಳೇ ನಂಬರೆಲ್ಲ ಕಿತ್ತುಹಾಕಿ ಒಂದರಿಂದ ಹೊಸದಾಗಿ ಕೊಟ್ಟುಬಿಡೋಣ್ವಾ? ಇಷ್ಟೊಂದು ಇಲಾಖೆ ಇದ್ದೂ ಒಂದೇ ಪಟ್ಟಿ ಯಾಕಿಲ್ಲ?’ ಎಂದು ಕೇಳಿದ್ದಾರೆ.

ಮೇಷ್ಟ್ರಿಗೆ ನಮಸ್ಕಾರ.

ದಯವಿಟ್ಟು ಹಳೇ ನಂಬರ್ ಒಂದನ್ನೂ ಕಿತ್ತುಹಾಕಬೇಡಿ. ನಿಮ್ಮದೇ ಒಂದು ಹೊಸ ನಂಬರ್ ಕೊಟ್ಟುಕೊಳ್ಳಿ, ಅದು ಬೇಕೇ ಬೇಕು. ಆದರೆ ಹಳೆಯವೆಲ್ಲ ಅದರ ಪಕ್ಕದಲ್ಲೇ ಉಳಿಯಲಿ. ನೂರು ವರ್ಷಕ್ಕೂ ಮೇಲ್ಪಟ್ಟು ನಮ್ಮ ವಿದ್ವಾಂಸರು ಬರೆದ ಅಡಿಟಿಪ್ಪಣಿಗಳೆಲ್ಲ ಆ ನಂಬರುಗಳ ಮೇಲೇ ನಿಂತಿವೆ. ಅವನ್ನು ಅಳಿಸಿದರೆ ನಿಮ್ಮ ಪಟ್ಟಿಗೂ ಆ ಪುಸ್ತಕಗಳಿಗೂ ಇರುವ ನಂಟು ಅಲ್ಲಿಗೇ ಕಡಿದುಹೋಗುತ್ತದೆ.

ಒಂದೇ ಕಲ್ಲು ಯಾಕೆ ಮೂರು ಸಲ ಬರುತ್ತದೆ ಎಂದರೆ, ಕಲ್ಲು ಇದ್ದಲ್ಲೇ ಇದೆ, ಅದರ ಸುತ್ತಲಿನ ಗಡಿಗಳು ಓಡಾಡಿವೆ. ಇಲ್ಲಿನ ಶಾಸನಗಳನ್ನು ಹುಡುಕಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಶಾಸನ ಸಂಪುಟಗಳಲ್ಲಿ ಮೊದಲನೆಯದನ್ನು ತಂದದ್ದು 1886ರಲ್ಲಿ. ನಮ್ಮ ಕಡೆಯ ತಾಲ್ಲೂಕುಗಳು ಮೂರನೇ ಮತ್ತು ನಾಲ್ಕನೇ ಸಂಪುಟದಲ್ಲಿವೆ, 1894 ಮತ್ತು 1898ರವು. ನಿಮ್ಮ ಕೃಷ್ಣರಾಜಪೇಟೆ ನಾಲ್ಕರಲ್ಲಿ ಸಿಗುತ್ತದೆ. ರೈಸ್ ತಾಲ್ಲೂಕುವಾರು ನಂಬರ್ ಹಾಕಿದರು. ಆಗ ಮಂಡ್ಯ ಜಿಲ್ಲೆಯೇ ಇರಲಿಲ್ಲ, ಅದು ಆಗಿದ್ದು 1939ರಲ್ಲಿ. ಇವತ್ತಿನ ಪಾಂಡವಪುರ ಆಗ ಶ್ರೀರಂಗಪಟ್ಟಣ ತಾಲ್ಲೂಕಿನೊಳಗೇ ಇತ್ತು. ಹಾಗಾಗಿ ಮೇಲುಕೋಟೆಯ, ತೊಣ್ಣೂರಿನ ಶಾಸನಗಳಿಗೆ ರೈಸ್ ಕೊಟ್ಟದ್ದು ಶ್ರೀರಂಗಪಟ್ಟಣದ ನಂಬರ್. 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಈ ಸಂಪುಟಗಳನ್ನು ಪರಿಷ್ಕರಿಸಿ ತಂದಾಗ ಅವೇ ಶಾಸನಗಳು ಆರನೇ ಸಂಪುಟಕ್ಕೆ ಬಂದು ಪಾಂಡವಪುರದ ನಂಬರ್ ಪಡೆದವು. ಇವೆರಡರ ನಡುವೆ ಮೈಸೂರು ಆರ್ಕಿಯಾಲಜಿ ಇಲಾಖೆಯ ವಾರ್ಷಿಕ ವರದಿಗಳಿವೆ. ಅಲ್ಲಿ ವರ್ಷವಾರು ಇನ್ನಷ್ಟು ಹೊಸ ಶಾಸನಗಳು ಸಿಗುತ್ತವೆ.

ಇನ್ನು ನಿಮ್ಮ ಗೆಳೆಯರ ಕೊಳ್ಳೇಗಾಲ. ಅದು 1956ರವರೆಗೆ ಮದ್ರಾಸಿನ ಕಡೆಗೆ, ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ. ಮದ್ರಾಸಿನ ಶಾಸನ ಇಲಾಖೆಯವರು ತಾಲ್ಲೂಕಿನ ಲೆಕ್ಕದಲ್ಲಿ ನಂಬರ್ ಕೊಡುತ್ತಿರಲಿಲ್ಲ. ಯಾವ ವರ್ಷ ಕಲ್ಲಿನ ಬರಹದ ಪಡಿಯಚ್ಚನ್ನು ಕಾಗದದ ಮೇಲೆ ತೆಗೆದರೋ ಆ ವರ್ಷದ ಇಂತಿಷ್ಟನೇ ನಂಬರ್, ಅಷ್ಟೇ. ನಿಮ್ಮ ಪಟ್ಟಿಯಲ್ಲಿ ‘ತಾಲ್ಲೂಕು + ನಂಬರ್’, ಅವರ ಪಟ್ಟಿಯಲ್ಲಿ ‘ನಂಬರ್ + ವರ್ಷ’. ಕಾಲಂ ಹೊಂದದೆ ಇರುವುದಕ್ಕೆ ಕಾರಣ ಇದೇ. ಇಬ್ಬರಲ್ಲಿ ಯಾರೂ ತಪ್ಪು ಮಾಡಿಲ್ಲ. ಎರಡು ರಾಜ್ಯಗಳ ಎರಡು ಪದ್ಧತಿ ನಿಮ್ಮ ಶೀಟಿನಲ್ಲಿ ಎದುರಾಗಿವೆ. ಮದ್ರಾಸಿನ ಆ ಪದ್ಧತಿಯನ್ನು ಮುಂದುವರಿಸಿಕೊಂಡು ಬಂದ ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗ ಇವತ್ತು ಮೈಸೂರಿನಲ್ಲೇ ಇದೆ. ರಾಜ್ಯದ ಪುರಾತತ್ವ ಇಲಾಖೆಯ ಮುಖ್ಯ ಕಚೇರಿಯೂ ಇಲ್ಲೇ. ನಿಮಗೆ ಒಂದು ಬಸ್ಸಿನ ದೂರ.

ಇಷ್ಟು ಇಲಾಖೆ ಇದ್ದೂ ಒಂದೇ ಪಟ್ಟಿ ಯಾಕಿಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಒಬ್ಬೊಬ್ಬರು ಒಂದೊಂದನ್ನು ಎಣಿಸಿದರು ಎನ್ನುವುದು ಮುಖ್ಯ ಕಾರಣ. ರೈಸ್ ಎಣಿಸಿದ್ದು ಬರಹಗಳನ್ನು. ಸಂರಕ್ಷಣೆಯವರು ಎಣಿಸುವುದು ಕಟ್ಟಡಗಳನ್ನು. ಉತ್ಖನನದವರಿಗೆ ಬೇಕಾದದ್ದು ದಿಬ್ಬ, ಅದರೊಳಗಿನ ಮಣ್ಣಿನ ಪದರ. ಕಂಬದಹಳ್ಳಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಬಸದಿಗಳಿವೆ, ಕಂಬವಿದೆ, ಶಾಸನಗಳಿವೆ. ಒಬ್ಬರ ಪಟ್ಟಿಯಲ್ಲಿ ಅದು ಒಂದು ಸಾಲು, ಇನ್ನೊಬ್ಬರ ಪಟ್ಟಿಯಲ್ಲಿ ಹಲವು ಸಾಲು. ಎಲ್ಲವನ್ನೂ ಒಂದೇ ಶೀಟಿಗೆ ಸುರಿದು ‘ನಮ್ಮ ತಾಲ್ಲೂಕಿನಲ್ಲಿ ಇಷ್ಟು ತಾಣಗಳಿವೆ’ ಎಂದರೆ ಆ ಲೆಕ್ಕಕ್ಕೆ ಅರ್ಥವೇ ಇರುವುದಿಲ್ಲ.

ಹಾಗಾಗಿ ಒಂದು ಶೀಟ್ ಬೇಡ, ಮೂರು ಮಾಡಿ. ಒಂದರಲ್ಲಿ ಜಾಗಗಳು. ಇನ್ನೊಂದರಲ್ಲಿ ವಸ್ತುಗಳು, ಅಂದರೆ ಕಲ್ಲು, ಗುಡಿ, ಕಂಬ. ಮೂರನೆಯದರಲ್ಲಿ ದಾಖಲೆಗಳು: ಯಾರು, ಯಾವಾಗ ನೋಡಿದರು, ಎಲ್ಲಿ ಬರೆದರು, ಯಾವ ನಂಬರ್ ಕೊಟ್ಟರು. ಜಾಗಕ್ಕೂ ವಸ್ತುವಿಗೂ ನಿಮ್ಮದೊಂದು ಗುರುತಿನ ನಂಬರ್ ಇರಲಿ, ಮೂರೂ ಶೀಟನ್ನು ಅದು ಜೋಡಿಸುತ್ತದೆ.

ಇದು ಸುಮ್ನೆ ಕೆಲಸ ಜಾಸ್ತಿ ಮಾಡಿಕೊಂಡಂತೆ ಕಾಣಬಹುದು. ಆತಕೂರಿನ ಕಲ್ಲನ್ನು ಈ ಶೀಟುಗಳಿಗೆ ಹಾಕಿ ನೋಡಿ, ಗೊತ್ತಾಗುತ್ತದೆ. ಮದ್ದೂರು ತಾಲ್ಲೂಕಿನ ಈ ವೀರಗಲ್ಲನ್ನು ಮಕ್ಕಳಿಗೆ ಖಂಡಿತ ಹೇಳಿಕೊಡಿ. ಚೋಳರ ವಿರುದ್ಧದ ತಕ್ಕೋಲದ ಯುದ್ಧ ಮುಗಿದ ಮೇಲೆ ಗಂಗರ ದೊರೆ ಬೂತುಗನು ತನ್ನ ವೀರ ಮಣಲೇರನಿಗೆ ಏನು ಬೇಕು ಎಂದು ಕೇಳುತ್ತಾನೆ. ಮಣಲೇರ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆಯುತ್ತಾನೆ. ಆ ನಾಯಿ ಕಾಡುಹಂದಿಯ ಜೊತೆ ಕಾದಾಡಿ ಸಾಯುತ್ತದೆ, ಹಂದಿಯೂ ಸಾಯುತ್ತದೆ. ಅದಕ್ಕಾಗಿ ಕಲ್ಲು ನಿಲ್ಲಿಸುತ್ತಾರೆ. ನಾಯಿ, ಹಂದಿ ಎರಡನ್ನೂ ಕಲ್ಲಿನ ಮೇಲೆ ಕೆತ್ತಿದ್ದಾರೆ.

ಈಗ ಈ ಕಲ್ಲಿಗೆ ‘ಜಾಗ’ ಎಂಬ ಒಂದೇ ಕಾಲಂ ಇದ್ದರೆ ಏನು ಬರೆಯುತ್ತೀರಿ? ಸಿಕ್ಕಿದ್ದು ಆತಕೂರಿನಲ್ಲಿ, ಇರುವುದು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿ. ಎರಡೂ ಬೇಕು. ರೈಸ್ ಇದನ್ನು ಮಂಡ್ಯ ತಾಲ್ಲೂಕಿನಲ್ಲಿ ಸೇರಿಸಿದರು, ಪರಿಷ್ಕೃತ ಆವೃತ್ತಿಯಲ್ಲಿ ಅದು ಏಳನೇ ಸಂಪುಟದ ಮದ್ದೂರಿಗೆ ಹೋಯಿತು. ಇಡೀ ದೇಶದ ಶಾಸನಗಳನ್ನು ಪ್ರಕಟಿಸುವ ‘ಎಪಿಗ್ರಾಫಿಯ ಇಂಡಿಕ’ದಲ್ಲೂ ಬಂದಿದೆ. ಇಂಗ್ಲಿಷಿನಲ್ಲಿ ಊರಿನ ಹೆಸರು ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದಾರೆ. ಕಂಪ್ಯೂಟರನ್ನು ಅದರ ಪಾಡಿಗೆ ಬಿಟ್ಟರೆ ಇವು ಬೇರೆ ಬೇರೆ ಕಲ್ಲುಗಳು ಅಂತಲೇ ಎಣಿಸುತ್ತದೆ.

ಕಾಲವನ್ನೂ ಇದೇ ಕಲ್ಲಿನಲ್ಲಿ ನೋಡಿ. ಶಾಸನ ಹೇಳುವುದು ಶಕ ವರ್ಷ 872, ಸೌಮ್ಯ ಸಂವತ್ಸರ. ಎಕ್ಸೆಲ್‌ನಲ್ಲಿ 78 ಕೂಡಿಸುವ ಸೂತ್ರ ಹಾಕಿದರೆ 950–51 ಬರುತ್ತದೆ. ಆದರೆ ಸೌಮ್ಯ ಸಂವತ್ಸರ ಬಿದ್ದದ್ದು 949–50ರಲ್ಲಿ. ಆಗ ನಡೆಯುತ್ತಿದ್ದ ವರ್ಷವನ್ನು ಎಣಿಸಿದ್ದಾರೋ ಪೂರ್ತಿ ಮುಗಿದ ವರ್ಷಗಳನ್ನಷ್ಟೇ ಎಣಿಸಿದ್ದಾರೋ ಎಂಬುದರ ಮೇಲೆ ಲೆಕ್ಕ ಒಂದು ವರ್ಷ ಆಚೀಚೆ ಆಗುತ್ತದೆ. ಅದಕ್ಕೇ ಕಲ್ಲಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಒಂದು ಕಾಲಂನಲ್ಲಿ ಬರೆಯಿರಿ. ಕ್ರಿಸ್ತಶಕ ಇನ್ನೊಂದು ಕಾಲಂನಲ್ಲಿ ಇರಲಿ, ಯಾರ ಲೆಕ್ಕ ಎಂಬುದೂ ಅದರ ಜೊತೆಗೇ ಇರಲಿ.

ಇತಿಹಾಸಪೂರ್ವದ ತಾಣಗಳಲ್ಲಿ ಈ ತೊಡಕು ಇನ್ನೂ ಜಾಸ್ತಿ. ತಿ. ನರಸೀಪುರದಲ್ಲಿ ಅಗೆದಾಗ ಸಿಕ್ಕ ನವಶಿಲಾಯುಗವೂ ಯೂರೋಪಿನ ನವಶಿಲಾಯುಗವೂ ಹೆಸರಿನಲ್ಲಿ ಒಂದೇ, ಕಾಲದಲ್ಲಿ ಸಾವಿರಾರು ವರ್ಷದ ಅಂತರ. ಹೊರದೇಶದಲ್ಲಿ ಇದಕ್ಕಾಗಿಯೇ ‘ಪೀರಿಯಡೋ’ ಎಂಬ ಪಟ್ಟಿ ಇದೆ. ಒಂದು ಯುಗದ ಹೆಸರನ್ನು ಯಾರು ಬಳಸಿದರು, ಯಾವ ಪ್ರದೇಶಕ್ಕೆ, ಎಂದಿನಿಂದ ಎಂದಿನವರೆಗೆ ಎಂದು ಅದರಲ್ಲಿ ಬೇರೆ ಬೇರೆಯಾಗಿ ಬರೆದಿಡುತ್ತಾರೆ. ಯಾರದು ಸರಿ ಎಂದು ತೀರ್ಪು ಕೊಡಲು ಹೋಗುವುದಿಲ್ಲ. ನನಗೆ ಬಹಳ ಇಷ್ಟವಾದ ಕ್ರಮ ಇದು.

ಅಮೆರಿಕದಲ್ಲೂ ನಿಮ್ಮಂಥದ್ದೇ ಸಮಸ್ಯೆ ಇತ್ತು. ಅಲ್ಲಿ ಪ್ರತಿ ರಾಜ್ಯಕ್ಕೂ ಅದರದೇ ತಾಣಪಟ್ಟಿ, ಅದರದೇ ಫಾರಂ. ‘ದಿನಾ’ ಎಂದು ಕರೆಯುವ ಉತ್ತರ ಅಮೆರಿಕದ ಡಿಜಿಟಲ್ ಪುರಾತತ್ವ ಸೂಚಿಯವರು ರಾಜ್ಯಗಳ ಪಟ್ಟಿಗಳನ್ನು ಬದಲಾಯಿಸಲು ಹೋಗಲಿಲ್ಲ. ಅವರಿಗೆ ಒಂದು ಅನುಕೂಲವೂ ಇತ್ತು. ಹೆಚ್ಚಿನ ರಾಜ್ಯಗಳಲ್ಲಿ ಮೊದಲಿನಿಂದಲೂ ಮೂರು ಭಾಗದ ನಂಬರ್ ರೂಢಿಯಲ್ಲಿತ್ತು: ರಾಜ್ಯದ ಅಂಕಿ, ಜಿಲ್ಲೆಯಂಥ ಕೌಂಟಿಯ ಅಕ್ಷರ, ತಾಣದ ಕ್ರಮಸಂಖ್ಯೆ. ಅದನ್ನೇ ಹಿಡಿದು ರಾಜ್ಯ ರಾಜ್ಯಗಳ ದಾಖಲೆಗಳನ್ನು ಜೋಡಿಸಿದರು. ಲಕ್ಷಗಟ್ಟಲೆ ತಾಣಗಳು ಹಾಗೆ ಒಂದೇ ಸೂಚಿಗೆ ಬಂದವು.

ನಮಗೆ ಅಂಥ ನಂಬರ್ ಇಲ್ಲದಿದ್ದರೂ ಹಳ್ಳಿಯ ಕೋಡ್ ಇದೆ. 2011ರ ಜನಗಣತಿಯಲ್ಲಿ ಪ್ರತಿ ಕಂದಾಯ ಗ್ರಾಮಕ್ಕೂ ಆರಂಕಿಯ ಕೋಡ್ ಇದೆ. ಜನವಸತಿ ಇಲ್ಲದ ಬೇಚರಾಕ್ ಗ್ರಾಮಗಳಿಗೂ ಉಂಟು. ಹಾಳೂರುಗಳಲ್ಲೇ ತಾನೇ ನಮ್ಮ ಕಲ್ಲುಗಳು ಜಾಸ್ತಿ ಸಿಗುವುದು? ಜಾಗದ ಶೀಟಿನಲ್ಲಿ ಮೊದಲು ಈ ಕೋಡ್ ಬರೆಯಿರಿ. ಹೊಸಹಳ್ಳಿ ಎಂಬ ಊರು ಇಲ್ಲದ ತಾಲ್ಲೂಕು ನಮ್ಮ ಕಡೆ ಹುಡುಕಬೇಕು. ಕೋಡ್ ಇದ್ದರೆ ಯಾವ ಹೊಸಹಳ್ಳಿ ಎಂಬ ಗೊಂದಲ ಇರುವುದಿಲ್ಲ. ಊರಿಗೆ ಇರುವ ಬೇರೆ ಹೆಸರುಗಳನ್ನೂ ಅಲ್ಲೇ ಸೇರಿಸಿ. ತೊಣ್ಣೂರು, ಕೆರೆತೊಣ್ಣೂರು, ಶಾಸನದ ತೊಂಡನೂರು ಮೂರೂ ಒಂದೇ ಕೋಡಿನ ಕೆಳಗೆ ಬರಲಿ. ‘ಕೆ.ಆರ್.’ ಎಂದು ಮಾತ್ರ ಎಲ್ಲೂ ಮೊಟಕು ಮಾಡಬೇಡಿ. ನಿಮಗೆ ಅದು ಪೇಟೆ, ಪಕ್ಕದವರಿಗೆ ನಗರ, ಇನ್ನೊಬ್ಬರಿಗೆ ಸಾಗರ. ರೈಸ್ ಕಾಲದಲ್ಲಿ ಕೃಷ್ಣರಾಜನಗರ ಇನ್ನೂ ಎಡತೊರೆಯಾಗಿತ್ತು ಎಂಬುದೂ ನೆನಪಿರಲಿ.

ಸಾಗರ ಎಂದಾಗ ಕನ್ನಂಬಾಡಿಯ ಮಾತು ಬಂತು. ಅಣೆಕಟ್ಟೆಯ ನೀರಿನಲ್ಲಿ ಹಳೇ ಊರು ಮುಳುಗಿತು, ಅಲ್ಲಿನ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಕಲ್ಲು ಕಲ್ಲು ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಕಟ್ಟಿದರು. ಹಳೇ ವರದಿಯಲ್ಲಿ ಇರುವ ಜಾಗ ಒಂದು, ಇವತ್ತು ಜಿಪಿಎಸ್ ತೋರಿಸುವ ಜಾಗ ಇನ್ನೊಂದು. ಹೊಸದನ್ನು ಬರೆದು ಹಳೆಯದನ್ನು ಅಳಿಸಿದರೆ ಮುಳುಗಿದ ಊರು ಪಟ್ಟಿಯಿಂದಲೂ ಮುಳುಗುತ್ತದೆ. ಹಳೇ ಸರ್ವೆ ನಕಾಶೆ ನೋಡಿ ಅಕ್ಷಾಂಶ ರೇಖಾಂಶ ಬರೆದಿದ್ದರೆ ಅದನ್ನೂ ನಮೂದಿಸಿ. ಆ ನಕಾಶೆಗಳ ಲೆಕ್ಕ ಬೇರೆ, ಜಿಪಿಎಸ್ ಲೆಕ್ಕ ಬೇರೆ. ನೇರವಾಗಿ ಸೇರಿಸಿದರೆ ನೂರು ಮೀಟರಿಗೂ ಜಾಸ್ತಿ ಸರಿದುಬಿಡುತ್ತದೆ, ಕೆರೆ ಏರಿಯ ಕಲ್ಲು ಕೆರೆಯೊಳಗೆ ಕಾಣಿಸುತ್ತದೆ.

ನಿಮ್ಮ ಗೆಳೆಯರ ಫೈಲಿನಲ್ಲಿ ಅಕ್ಷರಗಳೆಲ್ಲ ವಿಚಿತ್ರ ಚಿಹ್ನೆಗಳಾಗಿ ಕಾಣುತ್ತವೆ ಎಂದಿದ್ದೀರಿ. ಅದು ನುಡಿ ಅಥವಾ ಬರಹದ ಹಳೇ ಫಾಂಟಿನಲ್ಲಿ ಟೈಪ್ ಆಗಿರುವುದು. ಮೊದಲು ಯೂನಿಕೋಡಿಗೆ ಬದಲಾಯಿಸಿ, ಒತ್ತಕ್ಷರ, ಅರ್ಕಾವತ್ತು ಸರಿ ಬಂದಿದೆಯಾ ಎಂದು ಕಣ್ಣಿಂದಲೇ ನೋಡಿ. ಮೂಲ ಫೈಲನ್ನು ಮುಟ್ಟದೆ ಎತ್ತಿಡಿ.

ಕೊನೆಗೆ, ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ಮಾತು. ಪಟ್ಟಿಯನ್ನು ಎಲ್ಲರಿಗೂ ತೆರೆದಿಡಬೇಕು ಎಂಬ ನಿಮ್ಮ ಉತ್ಸಾಹ ನನಗೂ ಇದೆ. ಆದರೆ ನಿಧಿ ಆಸೆಗೆ ಬಸವನನ್ನು ಒಡೆಯುವವರು, ಗರ್ಭಗುಡಿ ಅಗೆಯುವವರು ನಮ್ಮ ಕಡೆ ಇದ್ದಾರೆ, ನಿಮಗೆ ಗೊತ್ತಿರುವುದೇ. ದಿನಾದವರು ಸರಿಯಾದ ಜಾಗವನ್ನು ಬೇಕೆಂದೇ ಮಸುಕು ಮಾಡಿ, ಸುಮಾರು 20 ಕಿಲೋಮೀಟರಿನ ಚೌಕದಲ್ಲಿ ಮಾತ್ರ ತೋರಿಸುತ್ತಾರೆ. ಕಿಕ್ಕೇರಿಯ ಬ್ರಹ್ಮೇಶ್ವರ, ಹೊಸಹೊಳಲಿನ ಲಕ್ಷ್ಮೀನಾರಾಯಣ ಇಂಥವು ಎಲ್ಲರಿಗೂ ಗೊತ್ತಿರುವ ಗುಡಿಗಳು, ಮುಚ್ಚಿಡುವುದಕ್ಕೆ ಏನೂ ಇಲ್ಲ. ಹೊಲದಲ್ಲಿ ಒಂಟಿಯಾಗಿ ನಿಂತ ಕಲ್ಲಿಗೆ, ಕಾಡಂಚಿನ ಪಾಂಡವರ ಗುಡಿಗೆ (ಇತಿಹಾಸಪೂರ್ವದ ಕಲ್ಲುಗೋರಿಗೆ) ಹೋಬಳಿಯ ಹೆಸರಷ್ಟೇ ಹೊರಗೆ ಕಾಣಲಿ. ಸರ್ವೆ ನಂಬರ್, ಜಿಪಿಎಸ್ ಅಂಕಿ ನಿಮ್ಮ ಹತ್ತಿರ ಇರಲಿ, ಇಲಾಖೆಗೂ ಒಂದು ಪ್ರತಿ ಕೊಡಿ. ಹೊಲದ ಯಜಮಾನರನ್ನು ಕೇಳದೆ ಅವರ ಹೆಸರನ್ನು ಪಟ್ಟಿಗೆ ಹಾಕಬೇಡಿ.

ಮೊದಲು ಒಂದೇ ಹೋಬಳಿ ಹಿಡಿದುಕೊಳ್ಳಿ, ಕಿಕ್ಕೇರಿಯಿಂದಲೇ ಶುರು ಮಾಡಬಹುದು. ರೈಸ್ ನಂಬರ್, ವಾರ್ಷಿಕ ವರದಿಯ ವರ್ಷ ಮತ್ತು ಪುಟ, ಪರಿಷ್ಕೃತ ಆವೃತ್ತಿಯ ನಂಬರ್ ಈ ಮೂರನ್ನೂ ಎದುರುಬದುರು ಬರೆದ ಪಟ್ಟಿ ತಯಾರಾದ ಮೇಲೆ ನಮಗೆ ಕಳಿಸಿ. ಪಟ್ಟಿ ಮಾಡಿದ ಮಕ್ಕಳ ಶಾಲೆಯ ಹೆಸರಿನ ಸಮೇತ, ಸರ್ವೆ ನಂಬರ್ ಕಾಲಂ ಬಿಟ್ಟು, ಪೂರ್ತಿಯಾಗಿ ಅಚ್ಚು ಹಾಕುತ್ತೇವೆ. ಕೊಳ್ಳೇಗಾಲದ ಗೆಳೆಯರಿಗೂ ಇದನ್ನು ತಿಳಿಸಿ.

— ಸಂಪಾದಕ